ಆಯಿಲ್ ದೀಪ ಹೊತ್ತಿದರೆ ‘ಬರೀ ಸೆನ್ಸರ್ ಹೋಗಿದೆ’ ಎನ್ನುವುದು ಎಷ್ಟು ನಿಜ?

ಗದಗದಿಂದ ಹುಬ್ಬಳ್ಳಿ ಕಡೆ ಕಾರಿನಲ್ಲಿ ಬರುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅಣ್ಣಿಗೇರಿ ದಾಟಿ ಶಿರಗುಪ್ಪಿ ಸಮೀಪಿಸುವಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಡಬ್ಬಿಯ ಆಕಾರ, ಅದರ ಮೂತಿಯಲ್ಲಿ ಒಂದು ಹನಿ. ಇಂಜಿನ್ ಸದ್ದು ಮಾಮೂಲಿನಂತೆಯೇ ಇದೆ. ಹುಬ್ಬಳ್ಳಿ ಇನ್ನು ಸುಮಾರು 20 ಕಿ.ಮೀ. ಪಕ್ಕದಲ್ಲಿ ಕುಳಿತವರು ಹೇಳುತ್ತಾರೆ: “ಏನೂ ಆಗಂಗಿಲ್ರಿ, ಸೆನ್ಸರ್ ಹೋಗಿರ್ತದ. ಹುಬ್ಬಳ್ಳಿಗೆ ಹೋಗಿ ತೋರ್ಸೂಣು.”

ಇಂಥದೇ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತವೆ. ‘ಆಯಿಲ್ ದೀಪ ಬಂದರೆ ಹೆದರಬೇಡಿ, ಸೆನ್ಸರ್ ವೈರ್ ಕಿತ್ತುಬಿಡಿ’, ‘ದಪ್ಪ ಆಯಿಲ್ ಹಾಕಿದರೆ ಪ್ರೆಷರ್ ತಾನೇ ಏರುತ್ತದೆ’, ‘ದೀಪ ಆರಿದ್ದರೆ ಆಯಿಲ್ ಸರಿಯಿದೆ ಎಂದರ್ಥ’. ಇವುಗಳಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂದು ಒಂದೊಂದಾಗಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಆಯಿಲ್ ಮೀಟರ್ ಸುಳ್ಳು ಹೇಳುವುದುಂಟು. ಸೆನ್ಸರ್ ಕೆಡುವುದು, ವೈರ್ ಸಡಿಲವಾಗುವುದು ಅಪರೂಪವೇನಲ್ಲ. ಆದರೆ ಅದು ಸುಳ್ಳು ಹೇಳುತ್ತಿದೆ ಎಂಬುದನ್ನು ಇಂಜಿನ್ ನಿಲ್ಲಿಸಿದ ಮೇಲೆ ಸಾಬೀತು ಮಾಡಬೇಕು. ಗಾಡಿ ಓಡಿಸುತ್ತಲೇ ಊಹಿಸಿಕೊಳ್ಳುವುದು ದುಬಾರಿ ಜೂಜು.

ಆಯಿಲ್ ಪ್ರೆಷರ್ ಎಂದರೇನು?

ಇಂಜಿನ್ನಿನ ತಳದಲ್ಲಿ ಆಯಿಲ್ ತುಂಬಿದ ತಟ್ಟೆಯಿದೆ. ಅಲ್ಲಿಂದ ಆಯಿಲ್ ಪಂಪ್ ಎಣ್ಣೆಯನ್ನು ಹೀರಿ, ಫಿಲ್ಟರ್ ಮೂಲಕ ಸಣ್ಣ ಸಣ್ಣ ಕಾಲುವೆಗಳಿಗೆ ತಳ್ಳುತ್ತದೆ. ಆ ಕಾಲುವೆಗಳು ಕ್ರ್ಯಾಂಕ್ ಶಾಫ್ಟ್, ಕ್ಯಾಮ್ ಶಾಫ್ಟ್ ಬೇರಿಂಗುಗಳವರೆಗೆ ಹೋಗುತ್ತವೆ. ಕಿರಿದಾದ ಸಂದಿಗಳಲ್ಲಿ ನುಗ್ಗುವಾಗ ಎಣ್ಣೆಗೆ ಎದುರಾಗುವ ತಡೆಯಿಂದಲೇ ಪ್ರೆಷರ್ ಹುಟ್ಟುತ್ತದೆ. ನಲ್ಲಿಯ ಪೈಪಿನ ತುದಿಯನ್ನು ಹೆಬ್ಬೆರಳಿಂದ ಅರ್ಧ ಮುಚ್ಚಿದಾಗ ನೀರು ಬಿರುಸಾಗುತ್ತದಲ್ಲ, ಅದೇ ಲೆಕ್ಕ. ಬೇರಿಂಗ್ ಸವೆದು ಸಂದಿ ದೊಡ್ಡದಾದರೆ ಪ್ರೆಷರ್ ಇಳಿಯುತ್ತದೆ. ಎಣ್ಣೆ ಕಡಿಮೆಯಾಗಿ ಪಂಪ್ ಗಾಳಿ ಹೀರಿದರೂ ಇಳಿಯುತ್ತದೆ.

ಬೇರಿಂಗಿನೊಳಗೆ ನಡೆಯುವುದು ಇನ್ನೂ ಸೋಜಿಗದ ಸಂಗತಿ. 1883ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಬೋಷಾಂ ಟವರ್ ರೈಲುಗಾಡಿಯ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದಿದ್ದ ತೂತಿನಿಂದ ಎಣ್ಣೆ ಉಲ್ಟಾ ಹೊರಬಂತು. ಮರದ ಬೆಣೆ ಹೊಡೆದರೆ ಅದನ್ನೂ ತಳ್ಳಿಹಾಕಿತು. ತಿರುಗುವ ದಂಡ ತನ್ನ ಸುತ್ತಲಿನ ಎಣ್ಣೆಯನ್ನು ಎಳೆದುಕೊಂಡು ಒಂದು ತೆಳು ಪದರ ಕಟ್ಟುತ್ತದೆ, ಭಾರವನ್ನೆಲ್ಲ ಆ ಪದರವೇ ಹೊರುತ್ತದೆ ಎಂಬುದು ಹೀಗೆ ತಿಳಿಯಿತು. 1886ರಲ್ಲಿ ಓಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು.

ನಿಮ್ಮ ಕಾರಿನ ಕ್ರ್ಯಾಂಕ್ ಶಾಫ್ಟ್ ಕೂಡ ಹೀಗೇ, ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಪಂಪಿನ ಕೆಲಸ ಆ ಪದರಕ್ಕೆ ಬಿಡುವಿಲ್ಲದೆ ಎಣ್ಣೆ ಒದಗಿಸುವುದು. ಪೂರೈಕೆ ನಿಂತರೆ ಪದರ ಹರಿಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ, ಬಿಸಿಗೆ ಬೇರಿಂಗ್ ಕರಗಿ ಅಂಟಿಕೊಳ್ಳುತ್ತದೆ. ‘ಇಂಜಿನ್ ಸೀಜ್ ಆಯಿತು’ ಎನ್ನುವುದು ಇದಕ್ಕೇ.

ಈಗ ಶಿರಗುಪ್ಪಿಯಿಂದ ಹುಬ್ಬಳ್ಳಿಯ ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ 20 ಕಿ.ಮೀ. ಎಂದರೆ 20 ನಿಮಿಷ. ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಒಟ್ಟು 40,000 ಸುತ್ತು. ಆಯಿಲ್ ನಿಜವಾಗಿಯೂ ಇಲ್ಲದಿದ್ದರೆ ಅಷ್ಟೂ ಸುತ್ತು ಒಣ ಉಜ್ಜಾಟ. ಇಂಜಿನ್ ಅಷ್ಟು ಹೊತ್ತು ತಡೆಯುವುದಿಲ್ಲ.

ಹೇಳಿಕೆ 1: ‘ದೀಪ ಆರಿದ್ದರೆ ಆಯಿಲ್ ಸರಿಯಿದೆ’

ಇದು ತಪ್ಪು. ದೀಪ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಕಾರಣ ಗೊತ್ತಾಗುತ್ತದೆ.

ಬಹುತೇಕ ಕಾರುಗಳಲ್ಲಿ ಈ ದೀಪವನ್ನು ನಡೆಸುವುದು ಇಂಜಿನ್ನಿಗೆ ಬೋಲ್ಟಿನಂತೆ ತಿರುವಿ ಕೂರಿಸಿದ ಒಂದು ಪುಟ್ಟ ಸ್ವಿಚ್. ಒಳಗೊಂದು ಪೊರೆ, ಒಂದು ಸ್ಪ್ರಿಂಗ್. ಪ್ರೆಷರ್ ಇಲ್ಲದಾಗ ಸ್ವಿಚ್ ಮುಚ್ಚಿರುತ್ತದೆ, ಕರೆಂಟ್ ಇಂಜಿನ್ ಮೈಗೆ ಹರಿದು ದೀಪ ಉರಿಯುತ್ತದೆ. ಎಣ್ಣೆ ಪೊರೆಯನ್ನು ತಳ್ಳಿದಾಗ ಸ್ವಿಚ್ ತೆರೆದು ದೀಪ ಆರುತ್ತದೆ. ಇದಕ್ಕೆ ಬೇಕಾದ ಒತ್ತಡ ಸಾಮಾನ್ಯವಾಗಿ 0.2ರಿಂದ 0.5 ಬಾರ್ ಮಾತ್ರ, ಅಂದರೆ ಸುಮಾರು 3ರಿಂದ 7 ಪಿಎಸ್‌ಐ. ಒಂದು ಬಾರ್ ಎಂದರೆ 14.5 ಪಿಎಸ್‌ಐ, ಟ್ರ್ಯಾಕ್ಟರ್ ಮೀಟರಿನ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದು ಕೆಜಿ.

ಹೆದ್ದಾರಿ ವೇಗದಲ್ಲಿ ಅನೇಕ ಇಂಜಿನ್ನುಗಳಲ್ಲಿ 3–4 ಬಾರ್ ಪ್ರೆಷರ್ ಇರುತ್ತದೆ. ಅದು ಒಂದು ಬಾರಿಗೆ ಇಳಿದರೂ ದೀಪ ಹೊತ್ತುವುದಿಲ್ಲ. ಆದ್ದರಿಂದ ದೀಪ ಹೊತ್ತಿತು ಎಂದರೆ ‘ಪ್ರೆಷರ್ ಕಡಿಮೆಯಾಗುತ್ತಿದೆ’ ಎಂಬ ಮುನ್ಸೂಚನೆಯಲ್ಲ, ‘ಹೆಚ್ಚುಕಡಿಮೆ ಮುಗಿದಿದೆ’ ಎಂಬ ಸುದ್ದಿ.

ಹೇಳಿಕೆ 2: ‘ವೈರ್ ಕಿತ್ತಾಗ ದೀಪ ಆರಿದರೆ ಸೆನ್ಸರ್ ಹೋಗಿದೆ ಎಂದರ್ಥ’

ಎಲ್ಲಕ್ಕಿಂತ ಅಪಾಯಕಾರಿ ಸಲಹೆ ಇದು, ಏಕೆಂದರೆ ನೋಡಲು ಪರೀಕ್ಷೆಯಂತೆ ಕಾಣುತ್ತದೆ. ಸ್ವಿಚ್ಚಿನ ವೈರ್ ಕಿತ್ತರೆ ದೀಪಕ್ಕೆ ಕರೆಂಟಿನ ದಾರಿಯೇ ತಪ್ಪುತ್ತದೆ. ಸ್ವಿಚ್ ಕೆಟ್ಟಿದ್ದರೂ ದೀಪ ಆರುತ್ತದೆ, ಇಂಜಿನ್ನಿನಲ್ಲಿ ಹನಿ ಆಯಿಲ್ ಇಲ್ಲದಿದ್ದರೂ ಆರುತ್ತದೆ. ಹಾಗಾಗಿ ಇದರಿಂದ ಏನೂ ಸಾಬೀತಾಗುವುದಿಲ್ಲ.

ಉಲ್ಟಾ ಫಲಿತಾಂಶಕ್ಕೆ ಮಾತ್ರ ಅರ್ಥವಿದೆ. ಇಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು, ವೈರ್ ತೆಗೆದ ಮೇಲೂ ದೀಪ ಉರಿಯುತ್ತಲೇ ಇದ್ದರೆ ಆ ವೈರ್ ಎಲ್ಲೋ ಸಿಪ್ಪೆ ಸುಲಿದು ಗಾಡಿಯ ಮೈಗೆ ತಾಗುತ್ತಿದೆ. ಇಲಿ ಕಡಿದ ವೈರಿಂಗಿನಲ್ಲಿ ಇದು ಸಾಮಾನ್ಯ.

ಹೇಳಿಕೆ 3: ‘ದಪ್ಪ ಆಯಿಲ್ ಹಾಕಿ, ಮುಳ್ಳು ತಾನೇ ಏರುತ್ತದೆ’

ಮುಳ್ಳು ಏರುವುದೇನೋ ನಿಜ. ಇಂಜಿನ್ ಸುಧಾರಿಸುತ್ತದೆ ಎಂಬುದು ಸುಳ್ಳು. ದಪ್ಪ ಎಣ್ಣೆಗೆ ಕಾಲುವೆಯಲ್ಲಿ ತಡೆ ಹೆಚ್ಚು, ಅದಕ್ಕೇ ಪ್ರೆಷರ್ ಹೆಚ್ಚು ತೋರಿಸುತ್ತದೆ. ಆದರೆ ಬೇರಿಂಗಿಗೆ ತಲುಪುವ ಎಣ್ಣೆ ಕಡಿಮೆಯಾಗಬಹುದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಎಣ್ಣೆ ಏರಲು ತಡವಾಗಬಹುದು. ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿ ‘ಜ್ವರ ಇಳಿಯಿತು’ ಎಂದಂತೆ.

ಡಬ್ಬಿಯ ಮೇಲೆ 15ಡಬ್ಲ್ಯೂ-40, 5ಡಬ್ಲ್ಯೂ-30 ಎಂದು ಬರೆದಿರುತ್ತದೆ. ಈ ‘ಡಬ್ಲ್ಯೂ’ ತೂಕವನ್ನು ಸೂಚಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ‘ವಿಂಟರ್’, ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದೂ, ಎರಡನೆಯದು ಇಂಜಿನ್ ಕಾದಾಗ ಎಷ್ಟು ಗಟ್ಟಿಯಾಗಿರುತ್ತದೆ ಎಂದೂ ಹೇಳುತ್ತದೆ. ‘ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪದ್ದೇ ಬೇಕು’ ಎಂದು ನೀವೇ ತೀರ್ಮಾನಿಸಬೇಡಿ. ಕಾರಿನ ಪುಸ್ತಕದಲ್ಲಿ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕಿಸಿ.

ಹಾಗಾದರೆ ಮೀಟರ್ ಸುಳ್ಳು ಹೇಳುವುದು ಯಾವಾಗ?

ದೀಪದ ಬದಲು ಅಥವಾ ಅದರ ಜೊತೆಗೆ ಮುಳ್ಳಿನ ಮೀಟರ್ ಇರುವ ಗಾಡಿಗಳಿವೆ. ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ ಇದನ್ನು ನೋಡಿರುತ್ತೀರಿ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಎಣ್ಣೆಯೇ ಸಣ್ಣ ನಳಿಕೆಯಲ್ಲಿ ಮೀಟರಿನವರೆಗೆ ಬರುವಂಥದ್ದು. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆ ಇದರ ಜೀವ. ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ತಿರುಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಮೀಟರಿನಲ್ಲಿ ಇರುವುದೂ ಸಾಮಾನ್ಯವಾಗಿ ಇದೇ. ಕರೆಂಟಿನ ಗೊಡವೆಯಿಲ್ಲದ್ದರಿಂದ ಇದು ಸುಳ್ಳು ಹೇಳುವುದು ಕಡಿಮೆ. ನಳಿಕೆಯಲ್ಲಿ ಕೆಸರು ಕಟ್ಟಿದರೆ ಮಾತ್ರ ಮುಳ್ಳು ನಿಧಾನವಾಗುತ್ತದೆ.

ಎರಡನೆಯದು ಕರೆಂಟಿನ ಮೀಟರ್. ಇಂಜಿನ್ನಿನಲ್ಲಿರುವ ಸೆಂಡರ್ ಎಂಬ ಭಾಗ ಒತ್ತಡಕ್ಕೆ ತಕ್ಕಂತೆ ತನ್ನ ವಿದ್ಯುತ್ ತಡೆಯನ್ನು ಬದಲಿಸುತ್ತದೆ. ಯುರೋಪಿನಲ್ಲಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಒತ್ತಡ ಸೊನ್ನೆಯಿದ್ದಾಗ 10 ಓಮ್, ಪೂರ್ತಿ ಇದ್ದಾಗ ಸುಮಾರು 180 ಓಮ್. ಅಮೆರಿಕದ ಒಂದು ಬಗೆಯಲ್ಲಿ ಉಲ್ಟಾ: ಸೊನ್ನೆಗೆ 240, ಪೂರ್ತಿಗೆ 33. ತಿರುಪು ಸರಿಯಾಗಿ ಕೂತಿತೆಂದು ಯಾವುದೋ ಸೆಂಡರ್ ಹಾಕಿದರೆ ಮೀಟರ್ ತಲೆಕೆಳಗಾಗಿ ಓದುತ್ತದೆ. ಮೊದಲ ಬಗೆಯಲ್ಲಿ ವೈರ್ ತುಂಡಾದರೆ ಮುಳ್ಳು ಪೂರ್ತಿ ಮೇಲೇರುತ್ತದೆ. ಆದ್ದರಿಂದ ‘ಮುಳ್ಳು ಫುಲ್ ಇದೆ’ ಎಂಬುದು ಯಾವಾಗಲೂ ಸಿಹಿಸುದ್ದಿಯಲ್ಲ.

ಮೂರನೆಯ ಬಗೆಯೂ ಉಂಟು: ಹೆಸರಿಗೆ ಮಾತ್ರ ಮೀಟರ್. ಮಾಜ್ಡಾ ಕಂಪನಿಯ ಮಿಯಾಟಾ ಕಾರಿನಲ್ಲಿ ಮೊದಲು ನಿಜವಾದ ಮೀಟರ್ ಇತ್ತು. 1995ರ ಮಾದರಿಯಿಂದ ಅದರ ಹಿಂದೆ ದೀಪಕ್ಕಿರುವಂಥದೇ ಸ್ವಿಚ್ ಬಂತು. ತುಸು ಪ್ರೆಷರ್ ಇದ್ದರೂ ಮುಳ್ಳು ಮಧ್ಯದಲ್ಲಿ ನಿಂತುಬಿಡುತ್ತದೆ. ಮುಳ್ಳು ಸದಾ ಒಂದೇ ಕಡೆ ಅಲುಗದೆ ನಿಂತಿದ್ದರೆ ಅನುಮಾನಪಡಿ.

ಮುಳ್ಳಿನ ನಡೆ ನೋಡಿ ಏನು ತಿಳಿಯಬಹುದು?

• ಸ್ಟಾರ್ಟ್ ಮಾಡಿದಾಗ ಮೇಲಿದ್ದು, ಇಂಜಿನ್ ಕಾದಂತೆ ಮೆಲ್ಲಗೆ ಇಳಿದು ಒಂದು ಕಡೆ ನಿಂತರೆ: ಇದು ಸಹಜ. ಕಾದ ಎಣ್ಣೆ ತೆಳುವಾಗುತ್ತದೆ. ಐಡ್ಲಿಂಗ್‌ನಲ್ಲಿ ಇನ್ನೂ ಕಡಿಮೆ ತೋರಿಸುವುದೂ ಸಹಜ. ನಿಮಿಷಕ್ಕೆ ಪ್ರತಿ 1,000 ಸುತ್ತಿಗೆ ಸುಮಾರು 10 ಪಿಎಸ್‌ಐ ಇರಬೇಕು ಎಂಬುದು ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ. ನಿಮ್ಮ ಇಂಜಿನ್ನಿನ ಸರಿಯಾದ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ.

• ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದಿದ್ದಾಗಲೇ ಮುಳ್ಳು ಮೇಲಿದ್ದರೆ: ಮೀಟರ್, ಸೆಂಡರ್ ಅಥವಾ ವೈರಿನ ದೋಷ. ಪಂಪ್ ತಿರುಗದೆ ಪ್ರೆಷರ್ ಬರಲು ಸಾಧ್ಯವಿಲ್ಲ.

• ಹೆಡ್‌ಲೈಟ್ ಹಾಕಿದಾಗ, ಹಾರ್ನ್ ಒತ್ತಿದಾಗ ಮುಳ್ಳು ಅಲುಗಿದರೆ, ಡೀಸೆಲ್ ಮತ್ತು ಟೆಂಪರೇಚರ್ ಮುಳ್ಳುಗಳೂ ಜೊತೆಗೆ ಕುಣಿದರೆ: ಅರ್ಥಿಂಗ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು.

• ಗುಂಡಿಗೆ ಇಳಿದಾಗ ಚಕ್ಕನೆ ಸೊನ್ನೆಗೆ ಹೋಗಿ, ಚಕ್ಕನೆ ವಾಪಸ್ ಬಂದರೆ: ಕನೆಕ್ಟರ್ ಸಡಿಲವಿರಬಹುದು. ಸರ್ವಿಸ್ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ಜೋರಾಗಿ ನೀರು ಹೊಡೆಸಿದ ಮೇಲೆ ಶುರುವಾಗಿದ್ದರೆ ಕನೆಕ್ಟರಿಗೆ ನೀರು ಹೋಗಿರಬಹುದು. ಮಳೆಗಾಲದ ಎರೆಮಣ್ಣಿನ ರಾಡಿ ಮೆತ್ತಿಕೊಂಡರೂ ಇದೇ ತೊಂದರೆ.

• ತಿರುವಿನಲ್ಲಿ, ಬ್ರೇಕ್ ಹಾಕಿದಾಗ, ಘಾಟಿ ಇಳಿಯುವಾಗ ಮಾತ್ರ ದೀಪ ಮಿನುಗಿದರೆ: ಇಲ್ಲೇ ಅನೇಕರು ಮೋಸಹೋಗುವುದು. ‘ವೈರ್ ಲೂಸ್ ಇರಬೇಕು’ ಎಂದುಕೊಳ್ಳುತ್ತಾರೆ. ತಟ್ಟೆಯಲ್ಲಿ ಎಣ್ಣೆ ಕಡಿಮೆಯಿದ್ದಾಗ ಅದು ಒಂದು ಬದಿಗೆ ಸರಿಯುತ್ತದೆ, ಪಂಪ್ ಗಾಳಿ ಹೀರುತ್ತದೆ, ಆ ಕ್ಷಣಕ್ಕೆ ಪ್ರೆಷರ್ ಬೀಳುತ್ತದೆ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಾಟಿಯ ತಿರುವುಗಳಲ್ಲಿ ಮಿನುಗಿ, ಬಯಲಿನಲ್ಲಿ ಆರಿದರೆ ಅದನ್ನು ಮೊದಲು ಆಯಿಲ್ ಕಡಿಮೆ ಎಂದೇ ಓದಬೇಕು.

ದೀಪ ಹೊತ್ತಿದ ಕೂಡಲೇ ಮಾಡಬೇಕಾದ್ದು

1. ವೇಗ ತಗ್ಗಿಸಿ, ಸುರಕ್ಷಿತವಾಗಿ ರಸ್ತೆ ಬದಿಗೆ ತನ್ನಿ. ಓಡುತ್ತಿರುವಾಗಲೇ ಕೀ ಆಫ್ ಮಾಡಬೇಡಿ. ಇಂಜಿನ್ ನಿಂತರೆ ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ನೆರವೂ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಸ್ಟೇರಿಂಗ್ ಲಾಕ್ ಆಗುವ ಅಪಾಯವೂ ಇದೆ. ನಿಂತ ಕೂಡಲೇ ಇಂಜಿನ್ ಆಫ್ ಮಾಡಿ.

2. ಸಮತಟ್ಟಾದ ಜಾಗದಲ್ಲಿ 5–10 ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆಯಿರಿ. ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ, ತೆಗೆದು ನೋಡಿ. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಅನೇಕ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಇರುವ ಅಂತರ ಸುಮಾರು ಒಂದು ಲೀಟರ್.

3. ಗಾಡಿಯ ಕೆಳಗೆ ಎಣ್ಣೆ ಸೋರಿದೆಯೇ, ಫಿಲ್ಟರಿನ ಸುತ್ತ ಒದ್ದೆಯಿದೆಯೇ ನೋಡಿ. ತಳದ ತಟ್ಟೆಗೆ ಕಲ್ಲು ಬಡಿದಿರಬಹುದು.

4. ಆಯಿಲ್ ಕಡಿಮೆಯಿದ್ದು ಸೋರಿಕೆ ಕಾಣದಿದ್ದರೆ ಸರಿಯಾದ ದರ್ಜೆಯ ಆಯಿಲ್ ತುಂಬಿ ಸ್ಟಾರ್ಟ್ ಮಾಡಿ. ಕೆಲವೇ ಸೆಕೆಂಡಿನಲ್ಲಿ ದೀಪ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ.

5. ಕಡ್ಡಿಯಲ್ಲಿ ಆಯಿಲ್ ಸರಿಯಿದ್ದೂ ದೀಪ ಉರಿಯುತ್ತಿದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಿ. ಪಂಪ್ ಕೆಟ್ಟಿದ್ದರೂ, ಹೀರುವ ಜಾಲರಿ ಕಟ್ಟಿಕೊಂಡಿದ್ದರೂ ಕಡ್ಡಿಯಲ್ಲಿ ಆಯಿಲ್ ಸರಿಯಾಗಿಯೇ ಕಾಣುತ್ತದೆ. ಹುಬ್ಬಳ್ಳಿ–ಗದಗ ರಸ್ತೆ ರಾಷ್ಟ್ರೀಯ ಹೆದ್ದಾರಿ 67. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033. ವಿಮೆಯಲ್ಲಿ ರಸ್ತೆಬದಿ ನೆರವು ಸೇರಿದೆಯೇ ಎಂದೂ ನೋಡಿಕೊಳ್ಳಿ.

‘ಸದ್ದು ಬಂದಿಲ್ಲವಲ್ಲ, ಮತ್ತೇನು ಚಿಂತೆ’ ಎನ್ನಬೇಡಿ. ಟಕ್ ಟಕ್ ಸದ್ದು ಬರುವ ಹೊತ್ತಿಗೆ ಬೇರಿಂಗಿಗೆ ಪೆಟ್ಟು ಬಿದ್ದಾಗಿರುತ್ತದೆ.

ಕಡ್ಡಿ ಹೇಳುವ ಇನ್ನಷ್ಟು ಸಂಗತಿ

ಡೀಸೆಲ್ ಗಾಡಿಯ ಆಯಿಲ್ ಹಾಕಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುವುದು ಮಸಿಯಿಂದ. ಅದರಿಂದಲೇ ಆಯಿಲ್ ಕೆಟ್ಟಿದೆ ಎನ್ನಲಾಗದು. ಚಹಾಕ್ಕೆ ಹಾಲು ಬೆರೆಸಿದ ಬಣ್ಣವಿದ್ದರೆ ಮಾತ್ರ ಗಾಬರಿಯಾಗಬೇಕು, ಕೂಲೆಂಟ್ ಒಳಗೆ ಸೇರುತ್ತಿರಬಹುದು.

ಆಯಿಲ್ ಮೇಲಿನ ಗುರುತನ್ನು ದಾಟಿದ್ದರೂ ಒಳ್ಳೆಯದಲ್ಲ. ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಪ್ರೆಷರ್ ನಿಲ್ಲುವುದಿಲ್ಲ. ತುಂಬಿಸದೆಯೇ ಮಟ್ಟ ಏರಿದ್ದರೆ ಆಯಿಲಿಗೆ ಡೀಸೆಲ್ ಬೆರೆಯುತ್ತಿರಬಹುದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಸಾಮಾನ್ಯವಾಗಿದೆ. ಆ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಬರೀ ಊರೊಳಗಿನ ಸಣ್ಣ ಓಡಾಟದಲ್ಲಿ ಸುಡುವ ಕೆಲಸ ಅರ್ಧಕ್ಕೆ ನಿಂತು, ಡೀಸೆಲ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸಬಹುದು.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಮೀಟರ್ ಸುಳ್ಳೋ ನಿಜವೋ ಎಂದು ತೀರ್ಮಾನಿಸುವ ಪರೀಕ್ಷೆ ಸರಳ. ಸೆಂಡರ್ ಬಿಚ್ಚಿ, ಅದೇ ತೂತಿಗೆ ಪೈಪಿರುವ ಬೇರೊಂದು ಮೀಟರ್ ಕೂರಿಸಿ, ಇಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟು, 2,000 ಸುತ್ತಿನಲ್ಲಿ ಎಷ್ಟು ಎಂದು ಅಳೆಯುವುದು. ಅಂಕಿ ಪುಸ್ತಕದಲ್ಲಿದ್ದಂತೆ ಇದ್ದರೆ ಇಂಜಿನ್ ಪಾರು, ಸೆಂಡರ್ ಬದಲಿಸಿದರಾಯಿತು. ಕಡಿಮೆಯಿದ್ದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. “ಮೊದಲು ಮೀಟರ್ ಹಚ್ಚಿ ಚೆಕ್ ಮಾಡ್ರಿ, ಆಮೇಲೆ ಸೆನ್ಸರ್ ಬದಲಿ ಮಾಡೂಣು” ಎಂದು ಕೇಳುವ ಹಕ್ಕು ನಿಮಗಿದೆ.

ಹೊಸ ಸೆಂಡರ್ ಕೂರಿಸುವಾಗ ತಿರುಪಿಗೆ ಬಿಳಿ ಟೇಪ್ ಹೆಚ್ಚು ಸುತ್ತಿಸಬೇಡಿ. ಒಂದೇ ವೈರಿನ ಸೆಂಡರಿಗೆ ಇಂಜಿನ್ ಮೈಯೇ ಅರ್ಥಿಂಗ್. ಟೇಪ್ ಅಡ್ಡ ಬಂದರೆ ಮೀಟರ್ ಮತ್ತೆ ತಪ್ಪು ಓದುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಒಂದು ಪರೀಕ್ಷೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹೆಚ್ಚಿನ ಗಾಡಿಗಳಲ್ಲಿ ಆಯಿಲ್ ದೀಪ ಆಗ ಹೊತ್ತಬೇಕು, ಸ್ಟಾರ್ಟ್ ಆದ ಕೂಡಲೇ ಆರಬೇಕು. ಹೊತ್ತದಿದ್ದರೆ ಬಲ್ಬ್ ಹೋಗಿದೆ ಅಥವಾ ಯಾರೋ ವೈರ್ ಕಿತ್ತಿದ್ದಾರೆ. ಏಕೆ ಎಂದು ತಿಳಿಯದೆ ಮುಂಗಡ ಕೊಡಬೇಡಿ.

ಸೆಂಡರಿನ ಬೆಲೆಗೂ ಇಂಜಿನ್ ಬಿಚ್ಚಿ ಕಟ್ಟಿಸುವ ಖರ್ಚಿಗೂ ಹೋಲಿಕೆಯೇ ಇಲ್ಲ. ಸಾಲ ಮಾಡಿ ಟ್ರ್ಯಾಕ್ಸ್ ಓಡಿಸುವವರಿಗೆ ಇಂಜಿನ್ ಗ್ಯಾರೇಜಿನಲ್ಲಿರುವಷ್ಟು ದಿನ ದುಡಿಮೆಯೂ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ಗುಂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ:

ಆಯಿಲ್ ದೀಪ ಹೊತ್ತಿದರೆ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕಡ್ಡಿ ನೋಡಿ. ಆಯಿಲ್ ಸರಿಯಿದ್ದೂ ದೀಪ ಆರದಿದ್ದರೆ ಓಡಿಸಬೇಡಿ, ಎಳೆಸಿ. ವೈರ್ ಕೀಳಬೇಡಿ. ದಪ್ಪ ಆಯಿಲ್ ಸುರಿಯಬೇಡಿ. ಸೆನ್ಸರ್ ಕೆಟ್ಟಿದೆ ಎಂಬುದನ್ನು ಬೇರೆ ಮೀಟರ್ ಹಚ್ಚಿ ಅಳೆದ ಮೇಲೆ ಮಾತ್ರ ನಂಬಿ.